ಉಕ್ಕಣ್ಣನ ಎದೆ

"ಇಳಿಸಿ!" ಎನ್ನುತ್ತ ಮಗಳು ಅಪ್ಪನ ಶವಪೆಟ್ಟಿಗೆಯ ಹಿಡಿಗೆ ಜೋತುಬಿದ್ದಳು.

ಹೊತ್ತಿದ್ದ ನಾಲ್ವರೂ ಚಾಕು ಕಾರ್ಖಾನೆಯ ಸಾಣೆಮನೆಯವರು, ಭಾರಕ್ಕೆ ಹೆದರುವವರಲ್ಲ. ಆದರೂ ಪೆಟ್ಟಿಗೆ ಒಂದು ಕಡೆ ವಾಲಿದ್ದೇ ಗಾಬರಿಬಿದ್ದು ನೆಲಕ್ಕಿಟ್ಟರು.

"ಏನಮ್ಮಾ ಇದು? ಸುಡುಗಾಡಿನ ಗಾಡಿ ಬಾಗಿಲಲ್ಲಿ ನಿಂತಿದೆ," ಎಂದ ಮೇಸ್ತ್ರಿ. ಸತ್ತವನ ಜೊತೆಗೇ ಕೆಲಸಕ್ಕೆ ಸೇರಿ, ಸಾಣೆಮನೆಯ ಉಸ್ತುವಾರಿಯವರೆಗೆ ಮೇಲೇರಿದವನು. ಇವಳಿಗೆ ಚಿಕ್ಕಂದಿನಿಂದ ಮಾಮ.

"ಗಾಡಿಗೆ ಯಾರು ಹೇಳಿದ್ದು ಮಾಮ? ನಾವಂತೂ ಹೇಳಿಲ್ಲ."

"ಕಂಪನಿ ಕಳಿಸಿದೆ. ಅದೂ ತಪ್ಪಾ?"

"ಅಪ್ಪ ಉಸಿರು ಸಿಗದೆ ಒದ್ದಾಡ್ತಿದ್ದಾಗ ಪೇಟೆಯ ದೊಡ್ಡಾಸ್ಪತ್ರೆಗೆ ಹೋಗೋಕೆ ಇದೇ ಕಂಪನಿ ಹತ್ರ ಗಾಡಿ ಕೇಳಿದ್ವಿ. ಡ್ರೈವರ್ ಇಲ್ಲ ಅಂದ್ರು. ಸುಡೋಕೆ ಮಾತ್ರ ಕಣ್ಣುಮುಚ್ಚಿ ಬಿಡೋದ್ರೊಳಗೆ ಬಂದು ನಿಂತಿದೆ."

ಮೇಸ್ತ್ರಿ ಕತ್ತು ಉಜ್ಜಿಕೊಂಡ.

ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಸುಡುವ ಮುಂಚೆ ಹೆಣ ಆಸ್ಪತ್ರೆಗೆ ಹೋಗಬೇಕು. ರಸ್ತೆಯ ಕೊನೆಗಿದ್ದ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಅಂದಿದ್ದಳು: "ನಿಮ್ಮಪ್ಪನ ಎದೆಯಲ್ಲಿ ಕೂತಿರೋದು ಸಾಣೆಕಲ್ಲಿನ ಧೂಳು ಅಂತಲೇ ನನ್ನ ಅನುಮಾನ. ಕಂಪನಿ ಡಾಕ್ಟರು ಸಿಗರೇಟು ಅಂತಾರೆ. ಹೆಣ ತಂದುಕೊಟ್ಟರೆ ಬಿಚ್ಚಿ ನೋಡಿ ಹೇಳ್ತೀನಿ. ಸುಟ್ಟುಬಿಟ್ಟರೆ ಬೂದಿಯನ್ನ ಏನಂತ ನೋಡಲಿ?" ಧೂಳೆಂದು ಗೊತ್ತಾದರೆ ಕಾನೂನಿನ ಪ್ರಕಾರ ಕಂಪನಿ ಸಾಣೆಮನೆಯನ್ನು ಮುಚ್ಚಿ, ಧೂಳು ಹೀರುವ ಕೊಳವೆ ಹಾಕಿದ ಮೇಲೆಯೇ ತೆರೆಯಬೇಕು. ಅಪ್ಪ ಒಂದು ಸಿಗರೇಟನ್ನೂ ಸೇದಿದವನಲ್ಲ. ಅವನ ಸಾಣೆಕಲ್ಲಿಗೆ ನಾಳೆಯಿಂದ ಕೂರುವವನು ಅವಳ ತಮ್ಮ.

ಸಾಣೆಮನೆಯ ರೂಢಿಯೇ ಹಾಗೆ. ಸತ್ತವನ ಕಲ್ಲು ತಣ್ಣಗಾಗಬಾರದು. ಬೆಳಿಗ್ಗೆ ಮೇಸ್ತ್ರಿ ಹೆಣದ ಮುಂದೆಯೇ ಕೆಲಸದಲ್ಲಿ ಎದೆಗೆ ಕಟ್ಟಿಕೊಳ್ಳುವ ಅಪ್ಪನ ಚರ್ಮದ ಮುಂಗವಚವನ್ನು ತಮ್ಮನ ಕೊರಳಿಗೆ ಹಾಕಿದ್ದ. ಅಲ್ಲಿಯವರೆಗೆ ಪಕ್ಕದ ಕಲ್ಲಿನಲ್ಲಿ ಕೈಯಾಳಾಗಿದ್ದವನು ಈಗ ಕಲ್ಲಿನ ಒಡೆಯ. ಮುಂಗವಚ ಕಳಚಲೂ ತೋಚದೆ ಮೂಲೆಯಲ್ಲಿ ನಿಂತಿದ್ದ.

"ಅಮ್ಮಾ, ನೀನೊಂದು ಮಾತು ಹೇಳು," ಎಂದಳು ಮಗಳು.

ತಾಯಿ ಪೆಟ್ಟಿಗೆಯ ತಲೆಯ ಕಡೆ ಕೂತಿದ್ದಳು. "ಜೀವಮಾನವೆಲ್ಲ ಅಲಗಿನ ಜೊತೆ ಬದುಕಿದ್ದು ಸಾಲದಾ? ಸತ್ತ ಮೇಲೂ ಅವರನ್ನ ಕೊಯ್ಯಬೇಕಾ? ಬೇಡ ಕಣೇ. ನಿನ್ನ ಕಾಲು ಹಿಡ್ಕೋತೀನಿ."

ಮಗಳ ಹಟ ಅಲ್ಲಿಗೆ ಕುಸಿಯಿತು. ಊರೆಲ್ಲ ಎದುರು ನಿಂತಿದ್ದರೂ ಜಗಳಕ್ಕೆ ಬೀಳುತ್ತಿದ್ದಳು. ತಾಯಿಯ ಕೈಯನ್ನು ಮಾತ್ರ ತಳ್ಳಲಾರಳು.

*

ಅಪ್ಪನಿಗೆ ಅಡ್ಡಹೆಸರು ಬಂದದ್ದು ಕೆಲಸಕ್ಕೆ ಸೇರಿದ ಮೊದಲ ದಿನ. ಹೊಸಬರನ್ನು ಅಂಗಿ ಬಿಚ್ಚಿಸಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಕಂಪನಿ ಡಾಕ್ಟರು ಒಬ್ಬೊಬ್ಬರ ಎದೆಯನ್ನೂ ಬಡಿಯುತ್ತ ಬಂದು ಇವನ ಮುಂದೆ ನಿಂತು, ಮತ್ತೊಮ್ಮೆ ಬಡಿದು ನಕ್ಕರಂತೆ. "ಇದೇನಯ್ಯಾ, ಎದೆಯೋ ಉಕ್ಕೋ?" ಅವತ್ತಿನಿಂದ ಉಕ್ಕಣ್ಣ. ಅವತ್ತಿನಿಂದ ಆ ಎದೆಯನ್ನು ಕಂಪನಿಯವರು ಮುಟ್ಟಿ ನೋಡಲಿಲ್ಲ.

ಚಾಕುಗಳ ವಿಷಯದಲ್ಲೂ ಅಲ್ಲಿ ಅದೇ ನಡೆ. ಮಡಿಚುವ ಚಾಕು ಸಿದ್ಧವಾದಾಗ ಒಮ್ಮೆ ಬಿಚ್ಚುತ್ತಿದ್ದರು. ಅಲಗು ಟಕ್ಕೆಂದು ನಿಂತು, ಕಾಗದವನ್ನು ಸದ್ದಿಲ್ಲದೆ ಸೀಳಿದರೆ ಪಾಸು. ಆಮೇಲೆ ಅದನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಉಕ್ಕಣ್ಣ ಸಾಣೆ ಹಿಡಿದ ಚಾಕುಗಳು ಆ ನಂಬಿಕೆಯನ್ನು ಒಂದು ಸಲವೂ ಸುಳ್ಳು ಮಾಡಲಿಲ್ಲ. ಅಂಗಡಿಯಲ್ಲಿ ಕೈಗೆತ್ತಿಕೊಂಡ ಗಳಿಗೆಯಲ್ಲಿ ಮನಸ್ಸು ಕದ್ದ ಚಾಕು, ಕೊಂಡವನ ತಲೆ ನರೆತ ಮೇಲೂ ಹಾಗೇ ಬಿಚ್ಚಿಕೊಳ್ಳುತ್ತಿತ್ತು.

ಒಂದು ಸಂಜೆ ಮಗಳು ಕೇಳಿದ್ದಳು. "ನೀನು ಮಾಡಿದ್ದು ಹಾಳಾಗೋದೇ ಇಲ್ವಾ ಅಪ್ಪ?"

"ಹಾಳಾಗೋದು ಎಲ್ಲಾದ್ರೂ ಇರಬೇಕಲ್ಲ ಮಗಳೇ. ಅಲಗಲ್ಲಿ ಇಲ್ಲ ಅಂದ್ರೆ ಬೇರೆ ಕಡೆ ಇರುತ್ತೆ," ಎಂದು ನಗಲು ಹೋಗಿ ಕೆಮ್ಮಿದ್ದ. ಆ ಕೆಮ್ಮು ಬೇಗ ನಿಲ್ಲಲಿಲ್ಲ.

*

ಹೊತ್ತವರಲ್ಲೊಬ್ಬನಾದ ಕುಳ್ಳಣ್ಣ, ಪೆಟ್ಟಿಗೆಗೆ ಸುತ್ತಿದ ಹಗ್ಗದ ಹೆಚ್ಚಿನ ತುದಿಯನ್ನು ಕತ್ತರಿಸಲು ಜೇಬಿನ ಚಾಕು ಬಿಚ್ಚಿದ. ಟಕ್ಕೆಂದಿತು.

"ನೋಡಿ, ಇವನದೇ ಕೈಕೆಲಸ. ನನ್ನ ಮದುವೆಗಿಂತ ಮುಂಚಿನದು. ಹೆಂಡತಿ ಮೊಂಡಾಗಿದ್ದಾಳೆ, ಇದು ಮೊಂಡಾಗಿಲ್ಲ."

ಒಂದಿಬ್ಬರು ನಕ್ಕರು. "ಉಕ್ಕಣ್ಣ ಎದ್ದು, ಈ ಪೆಟ್ಟಿಗೆಗೆ ಮೊಳೆ ಹೊಡೆದವನು ಯಾವ ಕತ್ತೆ ಅಂತ ಬೈದರೂ ಬೈದಾನು," ಎಂದ ಇನ್ನೊಬ್ಬ.

"ಚಾಕು ಹಾಗೇ ಇದೆ ಕುಳ್ಳಣ್ಣ," ಎಂದಳು ಮಗಳು. "ಅಪ್ಪನ ಜೊತೆ ಕೂತಿದ್ದವರಲ್ಲಿ ಎಷ್ಟು ಜನ ಹಾಗೇ ಇದ್ದಾರೆ? ನೀವು ಏದುಸಿರಿಲ್ಲದೆ ಮೆಟ್ಟಿಲು ಹತ್ತಿ ಎಷ್ಟು ಕಾಲವಾಯ್ತು?"

ಕುಳ್ಳಣ್ಣನ ಮುಖ ಇಳಿಯಿತು. "ನಮಗೂ ಗೊತ್ತಮ್ಮಾ. ಗೊತ್ತಿಲ್ಲ ಅಂತಲ್ಲ. ಸಾಣೆಮನೆಗೆ ಬೀಗ ಬಿದ್ರೆ ನಮ್ಮ ಒಲೆ ಯಾರು ಹಚ್ತಾರೆ? ನೀನಾ?"

"ಅದನ್ನೇ ನಾನೂ ಹೇಳ್ತಿರೋದು," ಎಂದ ಮೇಸ್ತ್ರಿ. ದನಿ ಮೆತ್ತಗಿತ್ತು. "ಹಟ ಬೇಡ ಮಗಳೇ. ನಿನ್ನ ತಮ್ಮನಿಗೆ ಕಲ್ಲು ಸಿಕ್ಕಿದೆ. ಅವನ ಹೊಟ್ಟೆ ಮೇಲೆ ಹೊಡೀಬೇಡ. ಎತ್ರಪ್ಪಾ."

ನಾಲ್ವರೂ ಬಗ್ಗಿದರು. ಮುಂದುಗಡೆಯ ಹಿಡಿಗೆ ತಮ್ಮನೂ ಕೈಹಾಕಲು ಬಂದ. ಬಗ್ಗಿದ ರಭಸಕ್ಕೋ ಏನೋ ಕೆಮ್ಮು ಹತ್ತಿಕೊಂಡಿತು. ಕರ್ಚೀಫು ಬಾಯಿಗೊತ್ತಿಕೊಂಡು ಗೋಡೆಗೆ ತಿರುಗಿದ. ಕೆಮ್ಮು ನಿಂತದ್ದೇ ಅದನ್ನು ಅವಸರದಿಂದ ಮುಂಗವಚದ ಕೆಳಗೆ ಜೇಬಿಗೆ ತುರುಕಿದ.

ತಾಯಿ ಎದ್ದಳು. ಯಾರಿಗೂ ಏನೂ ಹೇಳದೆ ಮಗನ ಹತ್ತಿರ ಬಂದು ಜೇಬಿಗೆ ಕೈಹಾಕಿದಳು.

"ಅಮ್ಮಾ, ಬಿಡಮ್ಮಾ. ಬರೀ ನೆಗಡಿ."

ಅವಳು ಕರ್ಚೀಫು ಬಿಡಿಸಿ ನೋಡಿದಳು. ಒದ್ದೆ ಬೂದಿಯ ಬಣ್ಣ. ಮದುವೆಯಾದಾಗಿನಿಂದ ಗಂಡನ ಕರ್ಚೀಫು ಒಗೆದ ಕೈ ಅದು; ಅದಕ್ಕೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿರಲಿಲ್ಲ.

"ಅದಕ್ಕೇನೋ, ಅಮ್ಮನಿಗೆ ಕಷ್ಟ ಅಂತ ನಿನ್ನ ಬಟ್ಟೆ ನೀನೇ ಒಗ್ಕೊಳ್ತಿದ್ದದ್ದು?"

ತಾಯಿ ಅವನ ಕೊರಳಿನ ಮುಂಗವಚವನ್ನು ಕಳಚಿ ಮೇಸ್ತ್ರಿಯ ಕಾಲಬುಡಕ್ಕೆ ಎಸೆದಳು.

"ಆಸ್ಪತ್ರೆಗೆ ಎತ್ತಿ. ಕೊಯ್ಯಲಿ."

ನಾಲ್ವರೂ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ನೆಲ ನೋಡಿದ. ಒಬ್ಬೊಬ್ಬರಾಗಿ ಹಿಡಿಯಿಂದ ಕೈ ತೆಗೆದರು. ಹೊರಗಿಂದ ಡ್ರೈವರ್ ಕೂಗಿ ಹೇಳಿದ: "ನನಗೆ ಹೇಳಿರೋದು ಸುಡುಗಾಡಿಗೆ ಮಾತ್ರ. ಆಸ್ಪತ್ರೆ ಗೀಸ್ಪತ್ರೆ ನನಗೆ ಗೊತ್ತಿಲ್ಲ."

"ನಿನ್ನ ಗಾಡಿ ನೀನೇ ಇಟ್ಕೋ," ಎಂದಳು ಮಗಳು.

ಮುಂದಿನ ಎರಡು ಹಿಡಿಗಳಿಗೆ ಅವಳೂ ತಮ್ಮನೂ ಕೈಹಾಕಿದರು. ಹಿಂದಿನ ಒಂದಕ್ಕೆ ತಾಯಿ. ಇನ್ನೊಂದು ಹಿಡಿ ಖಾಲಿ. ಮಗಳು ತಿರುಗಿ ಸಾಲಿನಲ್ಲಿ ನಿಂತ ಮುಖಗಳನ್ನೆಲ್ಲ ನೋಡಿದಳು. ಯಾವ ಮುಖವೂ ಅವಳ ಕಡೆ ಇರಲಿಲ್ಲ. ಮೂವರೇ ಹೂಂ ಎಂದು ಎತ್ತಿದರು.

ಹೊಸ್ತಿಲು ದಾಟಿತು. ಮೆಟ್ಟಿಲು ಇಳಿಯಿತು. ರಸ್ತೆಗೆ ಬಂದದ್ದೇ ಹಿಡಿಯುವವರಿಲ್ಲದ ಮೂಲೆ ಡಾಂಬರಿಗೆ ತಾಗಿ ಕರಕರ ಉಜ್ಜತೊಡಗಿತು. ತಾಯಿ ಎರಡು ಹೆಜ್ಜೆಗೊಮ್ಮೆ ನಿಂತಳು, ಮತ್ತೆ ನಡೆದಳು. ಬಾಗಿಲಿಗೆ ಬಂದು ನಿಂತಿದ್ದ ಸಾಣೆಮನೆಯವರು ಸಾಣೆಕಲ್ಲಿನದರಂಥ ಆ ಸದ್ದಿಗೆ ಒಟ್ಟಿಗೇ ತಲೆ ಎತ್ತಿದರು.

ಉಜ್ಜುತ್ತಿದ್ದ ಮರದಿಂದ ಸಣ್ಣಗೆ ಹುಡಿ ಎದ್ದು ಗಾಳಿಗೆ ಅವರ ಕಡೆ ತೇಲಿ ಬಂತು. ಮೊದಲು ಕುಳ್ಳಣ್ಣ, ಆಮೇಲೆ ಇನ್ನೊಬ್ಬ, ಕೊನೆಗೆ ಮೇಸ್ತ್ರಿಯೂ, ಅಂಗೈಯಿಂದ ಮೂಗು ಬಾಯಿ ಮುಚ್ಚಿಕೊಂಡರು.