ಚಿಕ್ಕ ಸೊಸೆಯ ತುಂಬಿದ ಕಪಾಟು

ಹಳೆ ಆಸ್ಪತ್ರೆಯ ಎಚ್‌ಐವಿ ಮಾತ್ರೆಗಳಲ್ಲಿ ಅರ್ಧಕ್ಕರ್ಧವನ್ನು ಇಲಾಖೆಯ ಮೇಲಿನವರು ಎತ್ತಿಸಿ ಹೊಸ ಆಸ್ಪತ್ರೆಯ ಕಪಾಟಿಗೆ ತುಂಬಿಸಿದರು. ಅಲ್ಲಿಗೆ ತಪಾಸಣೆಯವರು ಬರುವವರಿದ್ದರು.

ಅವರು ಬಂದರು, ಫೋಟೊ ಹಿಡಿದರು, ಹೋದರು. ಮಾತ್ರೆಗಳು ಹಿಂತಿರುಗಲಿಲ್ಲ. ಹಳೆ ಆಸ್ಪತ್ರೆಯಲ್ಲಿ ತಿಂಗಳ ಡಬ್ಬಿ ಒಡೆದು, ವಾರಕ್ಕಾಗುವಷ್ಟನ್ನು ಕಾಗದದ ಪೊಟ್ಟಣ ಕಟ್ಟಿ ಕೊಡುವ ಗತಿ ಬಂತು. ಒಂದು ದಿನವೂ ತಪ್ಪದೆ ನುಂಗಬೇಕಾದ ಮಾತ್ರೆಗಾಗಿ ಜನ ವಾರವಾರವೂ ಕೂಲಿ ಬಿಟ್ಟು ಬೆಂಚು ಕಾಯ್ದರು. ಕೊನೆಗೆ ಮೇಲಿನವರು ಹೇಳಿದರು: ನೀವು ಹಂಚಿದ್ದೇ ಕಡಿಮೆ, ಹಾಗಾಗಿ ಮುಂದಿನ ಸಲ ಕಳಿಸುವುದೂ ಕಡಿಮೆ. ನಿನ್ನೆ ಅರೆಹೊಟ್ಟೆ ಉಂಡವನಿಗೆ ಇವತ್ತೂ ಅರ್ಧವೇ ಬಡಿಸಿ ಎನ್ನುವ ನ್ಯಾಯ ಇದು.

ಆ ಪೊಟ್ಟಣ ಕಟ್ಟುತ್ತಿದ್ದವಳು ದೊಡ್ಡ ಸೊಸೆ. ಹೊಸ ಆಸ್ಪತ್ರೆಯ ಕಪಾಟಿನ ಬೀಗದ ಕೈ ಇದ್ದದ್ದು ಅದೇ ಮನೆಯ ಚಿಕ್ಕ ಸೊಸೆಯ ಬಳಿ. ಇಬ್ಬರದೂ ಒಂದೇ ಓದು, ಒಂದೇ ಹುದ್ದೆ, ಒಂದೇ ಅಡುಗೆಮನೆ. ಮೇಲಿನವರ ಮೇಲೆ ಬರಬೇಕಾದ ಸಿಟ್ಟು ದಾರಿ ತಪ್ಪಿ ಓರಗಿತ್ತಿಯ ಮೇಲೆ ಹೋಗಿ ಕೂತಿತು.

ಸಂಜೆ ಚಿಕ್ಕವಳು ಹಾಡು ಗುನುಗುತ್ತ ಮನೆಗೆ ಬರುವಳು. ಅತ್ತೆ ದೊಡ್ಡವಳ ಕಡೆ ತಿರುಗುವಳು: "ಅವಳೂ ಅದೇ ಕೆಲಸ ಮಾಡ್ತಾಳೆ. ನಿನ್ನ ಮುಖ ಮಾತ್ರ ಯಾಕೆ ಸುಟ್ಟ ಬದನೆಕಾಯಿ ಥರ?"

"ಕಪಾಟು ತುಂಬಿದ್ರೆ ನಗೋದೇನು, ಕುಣೀಬಹುದು ಅತ್ತೆ."

ದೊಡ್ಡವಳಿಗೆ ಎಲ್ಲಕ್ಕಿಂತ ಉರಿದದ್ದು ತನ್ನ ಬಳಿ ಮಾತ್ರೆಗೆ ಬರುವ ದರ್ಜಿಯ ಮಾತಿಗೆ. ಕಡ್ಡಿಯಂತಾಗಿ ಬಂದಿದ್ದ ಅವನನ್ನು ಗದರಿ, ಪುಸಲಾಯಿಸಿ, ಮಾತ್ರೆ ನುಂಗಿಸಿ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂರಿಸಿದವಳು ಇವಳು. ಈಗ ಅವನೇ ತಲೆ ಕೆರೆಯುತ್ತ, "ಬೇಜಾರ್ ಮಾಡ್ಕೋಬೇಡಿ ಮೇಡಂ. ನನ್ನ ಹೆಸರು ಹೊಸ ಆಸ್ಪತ್ರೆಗೆ ಹಾಕಿಬಿಡಿ. ಅಲ್ಲಿ ಚಿಕ್ಕ ಮೇಡಂ ಮೂರು ತಿಂಗಳದ್ದು ಒಟ್ಟಿಗೇ ಕೊಡ್ತಾರಂತೆ. ದೇವರಂಥೋರು" ಎಂದ.

"ದೇವರಾ? ಅವಳ ಗೊರಕೆ ಕೇಳಿದೀಯಾ ನೀನು?" ಎಂದಳು.

ಅಷ್ಟರಲ್ಲೇ ಮೇಲಧಿಕಾರಿಯ ಫೋನು ಬಂತು. "ಮತ್ತೆ ತಪಾಸಣೆ ಇದೆ. ನಿಮ್ಮಲ್ಲಿ ಉಳಿದ ಡಬ್ಬಿಗಳನ್ನೂ ಹೊಸ ಆಸ್ಪತ್ರೆಗೆ ಕಳಿಸಿ. ನಿಮ್ಮ ಓರಗಿತ್ತೀನೇ ಜೀಪಲ್ಲಿ ಬರ್ತಿದಾರೆ."

"ಬೆಂಚಿನ ತುಂಬ ಜನ ಕೂತಿದಾರೆ ಸಾರ್."

"ಸ್ಟಾಕ್ ಇಲ್ಲ ಅನ್ನಿ. ನಿಮಗೇನು ಹೊಸದಾ?"

ಕೆಲಸ ಹೋಗುವ ಭಯ. ತುಟಿ ಕಚ್ಚಿಕೊಂಡು ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬಿದಳು. ಚಿಕ್ಕವಳು ಒಳಗೆ ಕಾಲಿಡುತ್ತಲೇ ದೊಡ್ಡವಳು ಪೆಟ್ಟಿಗೆಯನ್ನು ಅವಳ ಮುಂದಕ್ಕೆ ನೂಕಿದಳು.

"ತಗೊಳ್ಳಮ್ಮ ಮಹಾರಾಣಿ. ಈ ಬೆಂಚೊಂದು ಉಳಿದಿದೆ, ಅದನ್ನೂ ಹೊತ್ಕೊಂಡು ಹೋಗು."

ಚಿಕ್ಕವಳು ಬೆಂಚು ನೋಡಿದಳು. ಮೇಜಿನ ಮೇಲಿದ್ದ ಪುಟ್ಟ ಪೊಟ್ಟಣಗಳನ್ನು ನೋಡಿದಳು. "ಅಕ್ಕಾ, ಇದೆಲ್ಲ ನಿಮ್ಮಲ್ಲಿ ಹೆಚ್ಚಾಗಿ ಉಳಿದಿದ್ದು ಅಂದಿದ್ರು ನಂಗೆ. ಮನೇಲಿ ಒಂದು ಮಾತು ಹೇಳ್ಬಾರದಿತ್ತಾ?"

"ನಿನ್ನ ಮುಂದೆ ಸೆರಗೊಡ್ಡಿ ಬೇಡ್ಬೇಕಿತ್ತಾ ನಾನು?"

ಚಿಕ್ಕವಳು ಫೋನು ತೆಗೆದು ಅಧಿಕಾರಿಗೆ ಹಚ್ಚಿದಳು. "ಸಾರ್, ನಾನು ಇದನ್ನ ತಗೊಳ್ಳಲ್ಲ. ಮೊದಲು ತಗೊಂಡಿದ್ದನ್ನೂ ವಾಪಸ್ ತಂದುಕೊಡ್ತೀನಿ."

ಬೆಂಚಿನಲ್ಲಿ ಗುಜುಗುಜು ಎದ್ದಿತು. ಯಾರೋ "ನಮ್ಮಮ್ಮಾ" ಎಂದರು. ದರ್ಜಿ ಎದ್ದು ನಿಂತು ಚಿಕ್ಕವಳಿಗೆ ಕೈ ಮುಗಿದ.

ದೊಡ್ಡವಳ ಕಣ್ಣು ಆ ಮುಗಿದ ಕೈಗಳ ಮೇಲೇ ನಿಂತಿತು. ತನ್ನ ಬೆಂಚು, ತನ್ನ ಜನ, ತಾನು ಇಷ್ಟು ದಿನ ಗಂಟಲಲ್ಲೇ ನುಂಗಿಕೊಂಡ ಮಾತು. ಅದನ್ನೂ ಇವಳೇ ಬಂದು ಆಡಿಬಿಡಬೇಕೆ? ಮಾತ್ರೆಯ ಜೊತೆಗೆ ಧೈರ್ಯವೂ ಇವಳ ಕಪಾಟಿಗೇ ಸೇರಬೇಕೆ? ಫೋನು ಕಿತ್ತುಕೊಂಡಳು.

ಆ ಕಡೆಯ ದನಿ ಅಬ್ಬರಿಸಿತು: "ಅವಳಿಗೆ ತಲೆ ಕೆಟ್ಟಿದೆ. ನೀವಾದ್ರೂ ಪೆಟ್ಟಿಗೆ ಜೀಪಿಗೆ ಹಾಕ್ಸಿ."

"ಹಾಕ್ಸಲ್ಲ ಸಾರ್. ಅವಳು ತಗೊಳ್ಳಲ್ಲ ಅನ್ನೋದೆಲ್ಲ ಆಮೇಲಿನ ಮಾತು. ಇದು ನನ್ನ ಕಪಾಟು, ಇವರು ನನ್ನ ಜನ. ಮೊದಲು ನಾನೇ ಕೊಡಲ್ಲ."