ಎರಡು ಸಾಲು ದೂರ

2023ರ ಸೆಪ್ಟೆಂಬರ್ 17, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಅಬ್ಬಾ ಊಟದ ಮೇಜಿನ ಮೇಲೆ ಗದ್ದ ಊರಿ, ಉಳಿದಿರುವ ಎಡಗಣ್ಣನ್ನು ನಾನು ಮಾಡಿದ ವಾಯುನೆಲೆಯ ಮಾದರಿಯ ಅಂಚಿಗೆ ತಂದರು. ಬಲಗಣ್ಣು ಹೋಗಿ ನಾಲ್ಕು ವರ್ಷವಾಗಿತ್ತು. ಎಡಗಣ್ಣಿನ ನೋಟವೂ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿತ್ತು. ಈಗ ಕಾಣುವುದು ಕೊಳವೆಯಲ್ಲಿ ಇಣುಕಿದಷ್ಟು ಮಾತ್ರ, ಅದೂ ಇನ್ನೆರಡು ತಿಂಗಳು ಎಂದು ತುಮಕೂರಿನ ಡಾಕ್ಟರು ಹೇಳಿದ್ದರು.

ಆ ಎರಡು ತಿಂಗಳೊಳಗೆ ಅಬ್ಬಾಗೆ ಒಂದು ವಿಷಯ ತೀರ್ಮಾನವಾಗಬೇಕಿತ್ತು.

ತಿಪಟೂರಿನಲ್ಲಿ ನಮ್ಮ ಅಬ್ಬಾ ಪೀರ್ ಸಾಬ್ ಅಂದರೆ ಪಂಪ್‌ಸೆಟ್ ರಿಪೇರಿ. ಅದಕ್ಕೂ ಮೊದಲು ಅವರು ಒಂಬತ್ತು ವರ್ಷ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದರೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1971ರ ಡಿಸೆಂಬರ್ ಯುದ್ಧದಲ್ಲಿ ಅವರಿಗೆ ಇಪ್ಪತ್ತೆರಡು ವರ್ಷ. ಒಂದು ಬೆಳಿಗ್ಗೆ ನ್ಯಾಟ್ ಯುದ್ಧವಿಮಾನದ ಹೊಟ್ಟೆಯ ಎಡಭಾಗದ ಸಣ್ಣ ಬಾಗಿಲು ಮುಚ್ಚಿ, ನಾಲ್ಕು ತಿರುಪು ಬಿಗಿದು, ಹಿಂದೆ ಸರಿದು ನಡೆದರು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿ, ಎಲ್ಲ ಸರಿಯಿದೆ ಎಂದು ಪೈಲಟ್‌ಗೆ ಹೆಬ್ಬೆರಳು ಎತ್ತಿದರು. ವಿಮಾನ ಹೊರಟಿತು. ಮರಳಲಿಲ್ಲ. ಶತ್ರುವಿನ ಗುಂಡು ಎಂದು ಎಲ್ಲರೂ ಅಂದರು. ಯಾರೂ ಅಬ್ಬಾನನ್ನು ಏನೂ ಕೇಳಲಿಲ್ಲ.

ಆದರೆ ಹೆಬ್ಬೆರಳು ಎತ್ತುವಾಗ ಆ ಬಾಗಿಲು ಒಂದು ಬೆರಳಿನಷ್ಟು ತೆರೆದು ನೇತಾಡುತ್ತಿದ್ದುದನ್ನು ತಾನು ಕಂಡಿದ್ದೆ ಎಂದು ಅವರಿಗೆ ಅನ್ನಿಸುತ್ತದೆ. ಎಂಜಿನ್ ಶುರುವಾಗಿತ್ತು, ಮೇಲಿನವರ ಹೆದರಿಕೆಯಿತ್ತು, ಸುಮ್ಮನಾದೆ ಎಂದು ಅನ್ನಿಸುತ್ತದೆ. ನಿಜವಾಗಿ ಕಂಡದ್ದೋ, ಆಮೇಲೆ ಕನಸಿನಲ್ಲಿ ಕಂಡು ಕಂಡು ನೆನಪಿನಂತಾದದ್ದೋ ತಿಳಿಯದೆ ಐವತ್ತೆರಡು ವರ್ಷ ಕಳೆದಿದ್ದಾರೆ. ನನಗೆ ಹೇಳಿದ್ದು ಈ ಮಾರ್ಚ್‌ನಲ್ಲಿ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಸಮಾಧಾನ ಹೇಳಲು ಬರಲಿಲ್ಲ, ಅಳೆಯಲು ಬಂತು. ಅಬ್ಬಾನ ಬಳಿ ಆ ವಾಯುನೆಲೆಯಲ್ಲಿ ವಿಮಾನ ನಿಂತಿದ್ದ ಒಂದು ಫೋಟೋ ಇತ್ತು. ವಿಮಾನದ ಉದ್ದ ಗೊತ್ತಿದ್ದರಿಂದ ಉಳಿದ ಅಳತೆಗಳನ್ನು ಅದರಿಂದ ತೆಗೆದೆ. ವಿಮಾನದಿಂದ ನಲವತ್ತೆಂಟು ಅಡಿ ದೂರದಲ್ಲಿ ಮರಳುಮೂಟೆಯ ಗೋಡೆ, ಎತ್ತರ ಐದು ಅಡಿ. ಅಬ್ಬಾ ಗೋಡೆಯ ಆಚೆ ನಿಂತಿದ್ದರೆ ಅದರ ಮೇಲಿಂದ ಪೈಲಟ್‌ನ ತಲೆ ಕಾಣುತ್ತದೆ, ಹೊಟ್ಟೆಯ ಬಾಗಿಲು ಕಾಣುವುದಿಲ್ಲ. ಹಾಗಿದ್ದರೆ ಅದು ಕನಸು. ಗೋಡೆಯ ಈಚೆ, ವಿಮಾನದ ಕಡೆ ನಿಂತಿದ್ದರೆ, ನೆನಪು. ಯಾವ ಕಡೆ ನಿಂತಿದ್ದೆ ಎಂಬುದು ಅವರಿಗೆ ಮರೆತಿದೆ. ದೂರ ಮಾತ್ರ ನೆನಪಿದೆ: ಎರಡು ಸಾಲು ದೂರ. ತೆಂಗಿನ ತೋಟದಲ್ಲಿ ಬೆಳೆದವರು ದೂರವನ್ನು ಹೇಳುವುದೇ ಹಾಗೆ.

ನಲವತ್ತೆಂಟಕ್ಕೆ ಒಂದರ ಪ್ರಮಾಣದಲ್ಲಿ ಕೆಲಸ ಶುರು ಮಾಡಿದೆ. ಪ್ಲಾಸ್ಟಿಕ್ ಬಿಡಿಭಾಗಗಳನ್ನು ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದೆ. ತೆಂಗಿನ ನಾರಿನ ಪುಡಿಯನ್ನು ಟೀ ಸೋಸುವ ಜರಡಿಯಲ್ಲಿ ಹಾಕಿ, ಅಂಟಿನಲ್ಲಿ ಕಲಸಿ ನೆಲ ಮಾಡಿದೆ. ಎಂ-ಸೀಲ್ ಉಂಡೆಗಳನ್ನು ಬ್ಯಾಂಡೇಜ್ ಬಟ್ಟೆಗೆ ಒತ್ತಿ, ಗೋಣಿಯ ನೇಯ್ಗೆ ಮೂಡಿಸಿ, ನಾನೂರ ಹನ್ನೆರಡು ಮೂಟೆ ಜೋಡಿಸಿದೆ. ಆರು ತಿಂಗಳು ಹಿಡಿಯಿತು. ಗೋಡೆ ವಿಮಾನದಿಂದ ಸರಿಯಾಗಿ ಹನ್ನೆರಡು ಅಂಗುಲಕ್ಕೆ ಬಂತು. ಕೆಳಗಿನ ಹಲಗೆಯನ್ನು ವಿಮಾನದಿಂದ ಹದಿನೈದು ಅಂಗುಲಕ್ಕೆ, ಅಂದರೆ ಅರವತ್ತು ಅಡಿಗೆ, ಕತ್ತರಿಸಿದ್ದೆ. ಅಂಚಿಗೆ ಕಣ್ಣು ಇಟ್ಟರೆ ಅಂದು ನಿಂತ ಜಾಗ.

"ಏನು ಕಾಣ್ತದೆ ಅಬ್ಬಾ?"

"ಗೋಡೆ."

"ಗೋಡೆ ಮೇಲೆ?"

"ಗಾಜು. ಪೈಲಟ್ ತಲೆ."

"ಬಾಗಿಲು?"

ಅವರು ಉಸಿರು ಬಿಗಿಹಿಡಿದು ತಲೆಯನ್ನು ಕೂದಲೆಳೆಯಷ್ಟು ಎಡಕ್ಕೆ, ಬಲಕ್ಕೆ ಸರಿಸಿದರು. "ಕಾಣಲ್ಲ," ಅಂದರು. ಮತ್ತೆ, ಜೋರಾಗಿ, "ಕಾಣಲ್ಲ ಕಣಮ್ಮ! ಕಾಣಲ್ಲ!"

ಅಮ್ಮಿ ಅಡುಗೆಮನೆಯಿಂದ ಬಂದರು. "ಕಾಣಲ್ಲ ಅಂತ ಕುಣಿಯೋ ಗಂಡಸನ್ನ ಇವತ್ತೇ ನೋಡಿದ್ದು ನಾನು."

"ನೀನು ಸುಮ್ನಿರೇ ರಹಮತ್. ಒಂದು ಟೀ ಮಾಡು. ಸಕ್ಕರೆ ಹಾಕು ಇವತ್ತು."

ಟೀ ಕುಡಿಯುತ್ತ ಅವರು ಮೂಟೆಗಳ ಮೇಲೆ ಬೆರಳಾಡಿಸಿದರು. ಮುಖದಲ್ಲಿ ನಾನು ಎಂದೂ ಕಾಣದ ಸಡಿಲವಿತ್ತು. ಆಗ ಕೇಳಿದರು, "ದೂರ ಎಷ್ಟು ಇಟ್ಟಿದ್ದೀಯ?"

"ಅರವತ್ತು ಅಡಿ. ಸಾಲಿಗೆ ಮೂವತ್ತು."

ಲೋಟ ಕೆಳಗಿಟ್ಟರು. "ಮೂವತ್ತು ಅಂತ ಯಾರು ಹೇಳಿದ್ದು?"

"ಎಲ್ಲ ತೋಟದಲ್ಲೂ ಅಷ್ಟೇ ಅಲ್ವಾ? ಅಳತೆ ಹಾಕೇ ಗುಂಡಿ ತೆಗೀತಾರೆ."

"ಈಗ ತೆಗೀತಾರೆ. ನಮ್ಮಪ್ಪ ಗುತ್ತಿಗೆ ಹಿಡೀತಿದ್ದದ್ದು ನೊಣವಿನಕೆರೆ ಕೆಂಪಯ್ಯನ ತೋಟ. ನನ್ನ ಕಣ್ಣಲ್ಲಿ ಸಾಲು ಅಂದ್ರೆ ಆ ಸಾಲು." ಎರಡೂ ಕೈಯ ಬೆರಳ ತುದಿಗಳನ್ನು ತಾಗಿಸಿ ತೋರಿಸಿದರು. "ಅಲ್ಲಿ ಗರಿಗೆ ಗರಿ ತಾಗ್ತಿತ್ತು ಸಾಬಿರಾ."

ಅವರು ಮಲಗಿದ ಮೇಲೆ, ಮಧ್ಯಾಹ್ನ, ನಾನು ಮೊಬೈಲಿನ ಕ್ಯಾಮೆರಾವನ್ನು ಗೋಡೆಯ ಈಚೆ, ವಿಮಾನದಿಂದ ಹತ್ತು ಅಂಗುಲ ದೂರದಲ್ಲಿ ಇಟ್ಟು ನೋಡಿದೆ. ಬಾಗಿಲು ಪೂರ್ತಿ ಕಂಡಿತು. ನಾಲ್ಕು ತಿರುಪಿಗೆ ನಾನೇ ಸೂಜಿಯಲ್ಲಿ ಚುಚ್ಚಿದ್ದ ಚುಕ್ಕೆಗಳೂ ಎಣಿಸುವಂತೆ ಕಂಡವು.

ಮರುದಿನ ಗಣೇಶನ ಹಬ್ಬ, ಕಾಲೇಜಿಗೆ ರಜೆ. ಅಬ್ಬಾನೂ ನಾನೂ ಅಳತೆಯ ಟೇಪು ಹಿಡಿದು ಒಂಬತ್ತೂವರೆಯ ಬಸ್ಸಿನಲ್ಲಿ ನೊಣವಿನಕೆರೆಗೆ ಹೋದೆವು. ಕೆಂಪಯ್ಯ ತೋಟದ ಬದುವಿನಲ್ಲೇ ಸಿಕ್ಕರು. ಅಬ್ಬಾನ ವಯಸ್ಸಿನವರು, ಜೊತೆಯಲ್ಲಿ ಈಜು ಕಲಿತವರು.

"ಯಾರ್ಲಾ ಅದು, ಪೀರನಾ? ಹಬ್ಬದ ದಿನ ಟೇಪ್ ಹಿಡ್ಕಂಡ್ ಬಂದೀಯ, ನನ್ ತೋಟ ಒತ್ತುವರಿ ಮಾಡ್ತೀಯೇನ್ಲಾ?"

"ನಿನ್ ಹಳೇ ತೋಟ ಯಾವನಿಗ್ ಬೇಕ್ಲಾ. ಎರಡು ಸಾಲು ಅಳೀಬೇಕು."

"ಅಳ್ದು? ನಿಂಗೆ ಟೇಪೇ ಕಾಣಾಕಿಲ್ಲ."

"ಓದೋಕೆ ಮಗಳವಳೆ ಬುಡು."

ಅಬ್ಬಾ ಮರಗಳನ್ನು ಮುಟ್ಟಿ ಮುಟ್ಟಿ ಮುಂದೆ ಹೋಗುವಾಗ ನಾನು ಕೆಂಪಯ್ಯನವರಿಗೆ ನಿಜ ಹೇಳಿದೆ. ನಲವತ್ತೆಂಟಕ್ಕಿಂತ ಹೆಚ್ಚು ಬಂದರೆ ಅಬ್ಬಾ ಉಳಿದರು ಎಂದೆ. ಅವರು ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು.

"ಸಾಲು ಕಿರಿದು ಕಣವ್ವ. ನಮ್ಮಪ್ಪ ಆಸೆಬುರುಕ, ಎರಡು ಮರದ ಜಾಗದಾಗೆ ಮೂರು ನೆಟ್ಟವ್ನೆ." ದನಿ ತಗ್ಗಿಸಿದರು. "ಅರವತ್ತು ಅಂದ್ಬುಡು. ಅವನಿಗೇನ್ ಗೊತ್ತಾದಾತು?"

ಅಬ್ಬಾ ಮೊದಲ ಮರದ ಬುಡದಲ್ಲಿ ಮಂಡಿಯೂರಿ, ಟೇಪಿನ ಕೊಕ್ಕೆಯನ್ನು ಎರಡೂ ಕೈಯಿಂದ ಕಾಂಡಕ್ಕೆ ಒತ್ತಿ ಹಿಡಿದರು. ನಾನು ಎರಡು ಸಾಲು ದಾಟಿದೆ. ನಲವತ್ತೆಂಟರ ಗುರುತು ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ.

"ಟೇಪ್ ಸೊಟ್ಟ ಆಯ್ತು ಅಬ್ಬಾ. ಪಕ್ಕದ ಸಾಲಲ್ಲಿ ನೋಡೋಣ."

ಪಕ್ಕದಲ್ಲೂ ಅಷ್ಟೇ. ಮೂರನೆಯ ಕಡೆಗೆ ಕರೆದೊಯ್ದೆ. ಎಲ್ಲಾದರೂ ಒಂದು ಕಡೆ, ಯಾವನಾದರೂ ಕೆಟ್ಟದಾಗಿ ನೆಟ್ಟ ಒಂದು ಮರ, ಇನ್ನೊಂಬತ್ತು ಅಡಿ ಹೆಚ್ಚು ಕೊಡಬಾರದೇ ಎಂದು ಬೇಡಿಕೊಳ್ಳುತ್ತ ನಡೆದೆ. ಮಕ್ಕಳು ಲ್ಯಾಬಿನಲ್ಲಿ ಬೇಕಾದ ಉತ್ತರ ಬರುವವರೆಗೆ ಅಳೆಯುವಾಗ ನಾನು ಅವರ ಪುಸ್ತಕಕ್ಕೆ ಕೆಂಪು ಗೆರೆ ಎಳೆಯುತ್ತೇನೆ.

"ಮೂರು ಸಲ ಆಯ್ತು," ಅಬ್ಬಾ ಅಲ್ಲಿಂದಲೇ ಕೂಗಿದರು. "ಎಷ್ಟು?"

ಕೆಂಪಯ್ಯ ನನ್ನ ಕಡೆ ನೋಡಿ ಐದೂ ಬೆರಳು ಬಿಚ್ಚಿ, ಮತ್ತೊಂದು ಬೆರಳು ಸೇರಿಸಿ ತೋರಿಸಿದರು. ಆರು. ಅರವತ್ತು.

"ಸಾಬಿರಾ, ಅರವತ್ತು ಅಂದ್ರೆ ನಂಬ್ಕೊಂಡ್ ಬಿಡ್ತೀನಿ ನಾನು. ಅದಕ್ಕೇ ಹೇಳ್ತೀನಿ, ಓದಿದ್ದನ್ನೇ ಹೇಳು. ಅವತ್ತು ನಾನೆತ್ತಿದ ಹೆಬ್ಬೆರಳು ಸುಳ್ಳಾಗಿದ್ರೆ, ಅದರ ಮೇಲೆ ನಿಂದೊಂದು ಬೇಡ."

ಅವರು ಕೊಕ್ಕೆಯನ್ನು ಬಿಟ್ಟಿರಲಿಲ್ಲ. ಟೇಪು ಬಿಗಿಯಾಗಿಯೇ ಇತ್ತು. ನಾನು ಮೂರೂ ಅಳತೆ ಕೂಡಿ, ಮೂರರಿಂದ ಭಾಗಿಸಿ, ಅವರಿಗೆ ಕೇಳುವಂತೆ ಹೇಳಿದೆ: ಮೂವತ್ತೊಂಬತ್ತು ಅಡಿ ಎರಡು ಅಂಗುಲ.