ದಾನವ್ವನ ಸೊಂಟದ ಸುಣ್ಣದ ಡಬ್ಬಿ

ನಾನು ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ. ಹುಟ್ಟಿದ ದಿನವೇ ನನ್ನನ್ನು ಸಂಶಯದಿಂದ ನೋಡಿದರು. ಕಂಚುಗಾರ ನನ್ನ ಹೊಟ್ಟೆಗೆ ನೀರು ತುಂಬಿ, ತಲೆಕೆಳಗಾಗಿ ಹಿಡಿದು, "ಸೋರತೈತೇನು ನೋಡೂಣು" ಎಂದ. ಒಂದು ಹನಿಯೂ ಸೋರಲಿಲ್ಲ. ಆದರೂ ಮೂರು ಸಲ ಅಲುಗಾಡಿಸಿದ! ಅಂಥವನ ಕೈಯಲ್ಲಿ ಹುಟ್ಟಿದ ಮೇಲೆ ನಾನಾದರೂ ಯಾರನ್ನು ನಂಬಲಿ?

ಗುಳೇದಗುಡ್ಡದ ನೇಕಾರರ ಮನೆಯೊಂದಕ್ಕೆ ಬಂದೆ. ಮೊದಲು ಅಲ್ಲಿಯ ಮುದುಕಿಯ ಎಲೆಅಡಿಕೆ ಚೀಲದಲ್ಲಿದ್ದೆ. ಅವಳಿಗೆ ಕೈಲಾಗದಾದಾಗ ಸೊಸೆ ದಾನವ್ವನ ಸೊಂಟ ಸೇರಿದೆ. ಆ ಮನೆಯಲ್ಲೊಂದು ಕಟ್ಟಳೆ: ಸುಣ್ಣ ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ. ಅತ್ತೆ ನನ್ನನ್ನು ನೆಲಕ್ಕಿಟ್ಟಳು, ಸೊಸೆ ನೆಲದಿಂದ ಎತ್ತಿಕೊಂಡಳು. ಇದರಿಂದ ಜಗಳ ಕಡಿಮೆಯಾದದ್ದನ್ನೇನೂ ನಾನು ಕಾಣೆ.

ದಾನವ್ವನಿಗೆ ಅರವತ್ತು ದಾಟಿದಾಗ ಮೊಣಕಾಲು ಹಿಡಿದವು. ಔಷಧದಂಗಡಿಯವ ಕ್ಯಾಲ್ಸಿಯಂ ಗುಳಿಗೆ ಕೊಟ್ಟ. ಓಣಿಯ ಹೆಂಗಸರು, "ಜ್ವಾಳದ ಕಾಳಿನಷ್ಟು ಸುಣ್ಣಾ ಮಸರಾಗ ಕಲಿಸಿ ಕುಡಿಯವ್ವಾ, ಕುದುರಿ ಕಾಲು ಬರ್ತಾವು" ಎಂದರು. ದಾನವ್ವ ಎರಡನ್ನೂ ಹಿಡಿದಳು. ದಿನ ಕಳೆದಂತೆ ಜೋಳದ ಕಾಳು ಕಡಲೆಕಾಳಾಯಿತು. ಹೊತ್ತಿಗೊಂದು ಎಲೆಗೆ ಹಚ್ಚುವ ಸುಣ್ಣ ಬೇರೆ. ನನಗಂತೂ ಹೆಮ್ಮೆಯೋ ಹೆಮ್ಮೆ.

ಅದೇ ವರ್ಷ ಮಗ ಸಂಗಪ್ಪನ ಮದುವೆಯಾಗಿ ಮಹಾನಂದಾ ಮನೆಗೆ ಬಂದಳು. ಮಾತು ಕಡಿಮೆ. ಮಾತು ಕಡಿಮೆಯಿದ್ದವರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಅವಳು ಬಂದ ಎರಡು ತಿಂಗಳಿಗೆ ದಾನವ್ವನಿಗೆ ವಾಕರಿಕೆ ಶುರುವಾಯಿತು, ಎಷ್ಟು ಕುಡಿದರೂ ನೀರಡಿಕೆ. ಆಮೇಲೆ ಎದೆ. ಸೊಂಟದಲ್ಲಿದ್ದ ನನಗೇ ತಿಳಿಯುತ್ತಿತ್ತು. ಒಳಗೆ ಸಂಗಪ್ಪನ ಮಗ್ಗ ಒಂದೇ ಲಯದಲ್ಲಿ ಬಡಿಯುತ್ತಿದ್ದರೆ, ಇವಳ ಎದೆ ಒಮ್ಮೆ ಓಡುವುದು, ಒಮ್ಮೆ ಎಡವುವುದು, ಒಮ್ಮೆ ಹೊಡೆತವನ್ನೇ ತಪ್ಪಿಸುವುದು.

"ಇಕಿ ನನಗ ಮದ್ದು ಹಾಕ್ಯಾಳ," ಎಂದಳು ದಾನವ್ವ ಮಗನಿಗೆ. "ಊಟದಾಗ ಏನೋ ಕಲಿಸ್ಯಾಳ. ಅಮಾಸಿ ಒಳಗ ಇಕಿನ್ನ ತವರಿಗೆ ಬಿಟ್ಟು ಬಾ. ಇಲ್ಲಂದ್ರ ನನ್ನ ಹೆಣಾ ನೋಡ್ತಿ!"

"ಅತ್ತೀ, ಅದೇ ರೊಟ್ಟಿ ನಾನೂ ತಿಂತೀನಲ್ರೀ," ಎಂದಳು ಮಹಾನಂದಾ.

ಯಾರೂ ನಂಬಲಿಲ್ಲ. ಸುಳ್ಳೇಕೆ ಹೇಳಲಿ, ನಾನೂ ನಂಬಲಿಲ್ಲ.

ಅಂದಿನಿಂದ ದಾನವ್ವ ಸೊಸೆಯ ಕೈಯ ಅನ್ನ ನೀರು ಬಿಟ್ಟಳು. ತಾನೇ ಹೆಪ್ಪು ಹಾಕಿದ ಮೊಸರು, ತನ್ನ ಗುಳಿಗೆ, ತನ್ನ ಸೊಂಟದ ಸುಣ್ಣ, ಇಷ್ಟನ್ನೇ ನಂಬಿದಳು. ಸಂಕಟ ಹೆಚ್ಚಾದಷ್ಟೂ ನನ್ನ ಮುಚ್ಚಳ ಹೆಚ್ಚು ಸಲ ತೆರೆಯಿತು. ಮಹಾನಂದಾ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಏನು ಹೊಂಚು ಹಾಕಿದ್ದಾಳೋ ಎಂದು ನಾನು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದೆ.

ಅಮಾವಾಸ್ಯೆಗೆ ಇನ್ನೆರಡು ದಿನ. ಸಂಗಪ್ಪ ನೂಲು ತರಲು ಹೋಗಿದ್ದ. ಮಹಾನಂದಾ ತವರಿಗೆ ಹೋಗಲು ಗಂಟು ಕಟ್ಟುತ್ತಿದ್ದಾಗ ದಾನವ್ವ ಪಡಸಾಲೆಯಲ್ಲಿ ಕುಸಿದಳು. ಎತ್ತಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದವಳು ಆ ಸೊಸೆಯೇ.

ಎದೆಗೆ ವಯರು ಹಚ್ಚಿ ಬಡಿತದ ಗೆರೆಗಳ ಪಟ್ಟಿ ತೆಗೆದರು, ರಕ್ತ ನೋಡಿದರು. "ರಕ್ತದಾಗ ಕ್ಯಾಲ್ಸಿಯಂ ಮಿತಿ ಮೀರೈತಿ. ಏನೇನು ತಿಂತಾರ ಇವ್ರು?" ಎಂದರು ಡಾಕ್ಟರಬಾಯಿ.

"ನನ್ನ ಕೈಯಾಗಿಂದು ಏನೂ ತಿನ್ನಂಗಿಲ್ರೀ," ಎನ್ನುತ್ತ ಮಹಾನಂದಾ ಅತ್ತೆಯ ಸೊಂಟದಿಂದ ನನ್ನನ್ನು ಎಳೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಗುಳಿಗೆಯ ಹಾಳೆ ಇಟ್ಟಳು. "ಇವೆರಡ ನೋಡ್ರೀ. ಸುಣ್ಣಾ ಮಸರಾಗೂ ಕಲಿಸಿ ಕುಡೀತಾರ."

ಡಾಕ್ಟರಬಾಯಿ ನನ್ನ ಮುಚ್ಚಳ ತೆರೆದು ತಲೆ ಚಚ್ಚಿಕೊಂಡರು.

ಮರುದಿನ ದಾನವ್ವ ಕಣ್ಣು ಬಿಟ್ಟಾಗ ಅವರು ಮಂಚದ ಪಕ್ಕ ಕೂತು ಹೇಳಿದರು. "ಸುಣ್ಣಾನೂ ಕ್ಯಾಲ್ಸಿಯಮ್ಮೇ ಅವ್ವಾ. ಎದಿ ಒಮ್ಮೆ ಬಿಗೀಬೇಕಾದ್ರೂ ಅದರ ಜೀವಕಣದೊಳಗ ಈ ಕ್ಯಾಲ್ಸಿಯಂ ಚೂರೇ ಚೂರು ಬರಬೇಕು. ಬಂದು ಒಳಗಿನ ಚೀಲದ ಬಾಯಿ ಬಿಚ್ಚತೈತಿ, ಆ ಚೀಲದಾಗ ಕೂಡಿಟ್ಟ ಕ್ಯಾಲ್ಸಿಯಮ್ಮೂ ಹೊರಗ ಬಂದು ಎದಿ ಬಿಗೀತೈತಿ. ಬಂದದ್ದು ತಿರುಗಿ ಹ್ವಾದ್ರ ಸಡಿಲ ಆಗತೈತಿ. ನಿಮ್ಮ ಮಗ್ಗದ ಲಾಳಿ ಅತ್ತಿಂದಿತ್ತ ಓಡಿದಂಗ. ನೀವು ರಕ್ತದಾಗ ಅದನ್ನ ಅತೀ ಮಾಡಿಕೊಂಡ್ರಿ. ಅದಕ್ಕ ಎದಿ ವ್ಯಾಳ್ಯಾ ತಪ್ಪಿ ಬಡ್ಯಾಕತ್ತಿತ್ತು."

"ಹಂಗಾರ... ಮದ್ದು?"

"ಮದ್ದು ಹಾಕಿಕೊಂಡಾಕಿ ನೀವೇ."

ಮೇಜಿನ ಮೇಲಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಊರನ್ನೆಲ್ಲ ಸಂಶಯಿಸಿದ ನನ್ನ ಹೊಟ್ಟೆಯಲ್ಲೇ ಇತ್ತಲ್ಲ ಆ ಮದ್ದು!

ಗುಳಿಗೆ ನಿಂತಿತು, ಸುಣ್ಣ ನಿಂತಿತು, ಎಂಟು ದಿನ ಸಲೈನು ಏರಿತು. ಎದೆ ಮೆಲ್ಲಗೆ ತನ್ನ ಲಯಕ್ಕೆ ಬಂತು. ಅಮಾವಾಸ್ಯೆ ಬಂದು ಹೋಗಿತ್ತು, ಮಹಾನಂದಾ ಕಟ್ಟಿದ್ದ ಗಂಟು ಇನ್ನೂ ಮೂಲೆಯಲ್ಲೇ ಇತ್ತು. ಮನೆಗೆ ಬಂದ ದಾನವ್ವ ಮೊದಲು ಆ ಗಂಟು ಬಿಚ್ಚಿದಳು. ಆಮೇಲೆ ನನ್ನನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಸೊಸೆಯ ಮುಂದೆ ಹಿಡಿದಳು. ನೆಲಕ್ಕಿಡಲಿಲ್ಲ.

"ಅತ್ತೀ, ಕೈಯಾಗ ಕೊಟ್ರ ಜಗಳ ಅಂತಾರಲ್ರೀ."

"ಆಗೂದೆಲ್ಲಾ ಆಗಿ ಹೋತು. ಹಿಡಿಯವ್ವಾ." ದಾನವ್ವ ನನ್ನನ್ನು ಸೊಸೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಒಂದು ರೊಟ್ಟಿ ಬಡದು ಕೊಡು. ಹಸಿವ್ಯಾಗೇತಿ."

ಈಗ ನಾನು ಗೋಡೆಯ ಗೂಡಿನಲ್ಲಿದ್ದೇನೆ. ಹೊಟ್ಟೆಯಲ್ಲಿ ಮಹಾನಂದಾಳ ಸೂಜಿಗಳು. ಹಳೆಯ ಚಾಳಿ ಹೋಗಿಲ್ಲ, ಈಗಲೂ ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ. ಆದರೆ ಯಾರ ಮೇಲಾದರೂ ಗುಮಾನಿ ಬಂದರೆ, ಮೊದಲು ನನ್ನ ಮುಚ್ಚಳದ ಒಳಗೇ ನೋಡಿಕೊಳ್ಳುತ್ತೇನೆ.